ಕಲಸುವ ತೊಟ್ಟಿಯ ಹತ್ತಿರ ಅರ್ಧ ಗಂಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆ ಹಿಡಿದು ಹದಿನೈದು ದಿನ ಆಯಿತು ಅಂದರೆ ಸಾಕು, ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಮನೆಮನೆಯಲ್ಲೂ ಒಂದೇ ಮಾತು. ಗೊಬ್ಬರ ಗ್ಯಾಸ್ ಸಾಲುತ್ತಿಲ್ಲ, ಅನ್ನ ಆಯಿತು, ಸಾರಿಗೆ ಇಲ್ಲ. ಥಂಡಿಗೆ ಗ್ಯಾಸ್ ಕಮ್ಮಿಯಾಗುವುದು ನಿಜವೇ. ಗುಂಡಿಯೊಳಗಿನ ಸೂಕ್ಷ್ಮಜೀವಿಗಳಿಗೆ 35 ಡಿಗ್ರಿ ಆಸುಪಾಸಿನ ಬಿಸಿ ಹಿತ, 20ಕ್ಕಿಂತ ಕೆಳಗೆ ಹೋದರೆ ಅವುಗಳ ಕೆಲಸ ತೀರಾ ನಿಧಾನ. ಆದರೂ ಎಲ್ಲವನ್ನೂ ಮಳೆಯ ತಲೆಗೆ ಕಟ್ಟಬೇಡಿ. ಗುಂಡಿಗೆ ಬಿಡುವ ಮೊದಲು ಸಗಣಿಯನ್ನು ನಾವು ಹೇಗೆ ಹದ ಮಾಡುತ್ತೇವೆ, ಅದನ್ನು ಸ್ವಲ್ಪ ನೋಡಿಕೊಳ್ಳೋಣ.

ನಮ್ಮದು 2 ಘನ ಮೀಟರಿನ ದೀನಬಂಧು ಸ್ಥಾವರ. 1984ರಲ್ಲಿ ಬಂದ ಮಾದರಿ ಅದು, ಇಟ್ಟಿಗೆಯ ಗುಮ್ಮಟದ್ದು. ಅದಕ್ಕೆ ದಿನಕ್ಕೆ 50 ಕಿಲೋ ಸಗಣಿ ಬೇಕು. ಒಂದು ಕಿಲೋ ಹಸಿ ಸಗಣಿಗೆ ಹೆಚ್ಚುಕಮ್ಮಿ 40 ಲೀಟರ್ ಗ್ಯಾಸ್ ಅಂತ ಲೆಕ್ಕ. ನಮ್ಮ ಮಲೆನಾಡು ಗಿಡ್ಡ ತಳಿಯ ದನಗಳೋ, ಬೆಳಿಗ್ಗೆ ಗುಡ್ಡಕ್ಕೆ ಹೋದರೆ ಸಂಜೆಗೇ ವಾಪಸ್ಸು. ಸಿಗುವುದು ರಾತ್ರಿಯ ಸಗಣಿ ಮಾತ್ರ, ಅದೂ ಕೊಟ್ಟಿಗೆಯ ಸೊಪ್ಪಿನ ಜೊತೆ ತುಳಿದು ಬೆರೆತದ್ದು.

ಒಂದು ವರ್ಷ ಆಳು ಸಿಗದೆ ನಾನೇ ದಿನಾ ಸಗಣಿ ಹಾಕುತ್ತಿದ್ದೆ. ಅವಸರ ನೋಡಿ, ಸೊಪ್ಪು, ಹುಲ್ಲುಕಡ್ಡಿ ಎಲ್ಲ ಸಮೇತ ತೊಟ್ಟಿಗೆ ಸುರಿದು, ಎರಡು ಬಕೆಟ್ ನೀರು ಹೊಯ್ದು, ಕೋಲಿನಲ್ಲಿ ನಾಲ್ಕು ಸುತ್ತು ತಿರುಗಿಸಿ ಬಿಟ್ಟುಬಿಡುತ್ತಿದ್ದೆ. ಆಗಸ್ಟ್ ಹೊತ್ತಿಗೆ ಒಲೆಯ ಉರಿ ಬೆರಳುದ್ದ ಆಯಿತು. ಸಗಣಿ ಇಳಿಯುವ ಪೈಪಿಗೆ ಬಿದಿರಿನ ಗಳ ಹಾಕಿ ಆಡಿಸಿದರೆ, ತುದಿಗೆ ಹುಲ್ಲು ಸಿಂಬೆಯ ಹಾಗೆ ಸುತ್ತಿಕೊಂಡು ಬಂತು. ಅದರ ನಡುವೆ ಬೇಸಿಗೆಯಲ್ಲಿ ಕೊಟ್ಟಿಗೆಗೆ ಹಾಸಿದ ದರಗು, ಅಂದರೆ ಒಣ ಎಲೆ. ತೊಳೆದು ನೋಡಿದೆ, ಎಲೆಯ ಒಂದೊಂದು ನರವೂ ಹಾಗೇ ಇತ್ತು. ಅಷ್ಟು ತಿಂಗಳು ಗುಂಡಿಯಲ್ಲಿದ್ದೂ ಕರಗಿರಲಿಲ್ಲ.

ಯಾಕೆ ಕರಗಲ್ಲ ಅಂದರೆ, ದನದ ಹೊಟ್ಟೆಯೂ ಒಂದು ಗೊಬ್ಬರ ಗ್ಯಾಸ್ ಗುಂಡಿಯೇ ಅಲ್ವಾ? ಸುಲಭಕ್ಕೆ ಅರಗುವುದನ್ನೆಲ್ಲ ಅದು ಮೊದಲೇ ತೆಗೆದುಕೊಂಡಿರುತ್ತದೆ. ನಮಗೆ ಉಳಿಯುವುದು ಗಟ್ಟಿ ನಾರು. ಆ ನಾರಿಗೆ ಲಿಗ್ನಿನ್ ಅನ್ನೋ ವಸ್ತು ಗಾರೆಯ ಹಾಗೆ ಅಂಟಿಕೊಂಡಿರುತ್ತದೆ, ಗಾಳಿ ಇಲ್ಲದ ಗುಂಡಿಯಲ್ಲಿ ಅದು ಕರಗುವುದೇ ಇಲ್ಲ ಅನ್ನಬಹುದು. ಚೂರು ಸಣ್ಣದಾದಷ್ಟೂ ಸೂಕ್ಷ್ಮಜೀವಿಗಳಿಗೆ ಬಾಯಿ ಹಾಕಲು ಜಾಗ ಜಾಸ್ತಿ. ಉದ್ದ ಹುಲ್ಲಾದರೆ ಸುಮ್ನೆ ಮೇಲೆ ತೇಲಿ, ಹೆಪ್ಪುಗಟ್ಟಿ, ಗ್ಯಾಸ್ ಮೇಲೇಳದಂತೆ ಕೂತುಬಿಡುತ್ತದೆ.

ದೊಡ್ಡ ಸ್ಥಾವರಗಳಲ್ಲಿ ಇದಕ್ಕೇ ರುಬ್ಬುವ ಯಂತ್ರ, ಒತ್ತಡದ ಹಬೆ, ಕಾಸ್ಟಿಕ್ ಸೋಡಾ, ಸುಣ್ಣ ಬಳಸುತ್ತಾರೆ. ಮನೆಯಲ್ಲಿ ಸೋಡಾ, ಸುಣ್ಣದ ತಂಟೆಗೆ ದಯವಿಟ್ಟು ಹೋಗಬೇಡಿ. ಅಳತೆ ತಪ್ಪಿದರೆ ಗುಂಡಿಯ ಜೀವವೇ ಹೋಗುತ್ತದೆ.

ನಾನು ಈಗ ಮಾಡುವುದು ಇಷ್ಟು. ಸೊಪ್ಪು, ಕಡ್ಡಿ, ಅಡಿಕೆ ಸಿಪ್ಪೆ ಎಲ್ಲ ಆರಿಸಿ ಗೊಬ್ಬರದ ಗುಂಡಿಗೆ ಎಸೆಯುತ್ತೇನೆ, ಅಲ್ಲಿ ಗಾಳಿಗೆ ಅವು ಚೆನ್ನಾಗಿ ಕೊಳೆಯುತ್ತವೆ. ದನ ತಿಂದು ಬಿಟ್ಟ ಹುಲ್ಲನ್ನು ಹಾಕಲೇಬೇಕು ಅಂದರೆ ಕತ್ತಿಯಲ್ಲಿ ಬೆರಳಗಲಕ್ಕಿಂತ ಸಣ್ಣಗೆ ಕೊಚ್ಚಿ, ಒಂದು ರಾತ್ರಿ ಸಗಣಿ ನೀರಲ್ಲಿ ನೆನೆಸಿಡಿ. ಅದಕ್ಕಿಂತ ಜಾಸ್ತಿ ಹೊತ್ತು ಬೇಡ, ತೆರೆದಿಟ್ಟಷ್ಟೂ ಸಾರ ಗಾಳಿಗೆ ಹೋಗುತ್ತದೆ. ಸಗಣಿ ಎಷ್ಟೋ ನೀರೂ ಅಷ್ಟೇ, ಒಂದಕ್ಕೆ ಒಂದು. ಆ ನೀರಲ್ಲಿ ಒಂದು ಪಾಲು ಗ್ಯಾಸ್ ಬಿಟ್ಟು ಗುಂಡಿಯಿಂದ ಹೊರಗೆ ಬಂದ ಸಗಣಿ ನೀರು, ಅಂದರೆ ಸ್ಲರಿಯನ್ನೇ ಸೇರಿಸಿದರೆ ಒಳ್ಳೆಯದು, ಪಳಗಿದ ಸೂಕ್ಷ್ಮಜೀವಿಗಳು ಮತ್ತೆ ಒಳಗೆ ಹೋಗುತ್ತವೆ, ಹೆಪ್ಪು ಹಾಕಿದ ಹಾಗೆ.

ಇನ್ನು ಮಳೆಗಾಲದ ಮಾತು. ಮಲೆನಾಡಿನ ಬಚ್ಚಲಲ್ಲಿ ಹಂಡೆಯ ಬೆಂಕಿ ಆರುವುದಿಲ್ಲ. ಆ ಬಿಸಿನೀರು ಎರಡು ಕೊಡ ತಂದು ಬೆರೆಸಿ. ಕುದಿಯುವ ನೀರಲ್ಲ, ಮಗುವಿಗೆ ಎರೆಯುವಷ್ಟು ಬೆಚ್ಚಗಿದ್ದರೆ ಸಾಕು. ಸಾವಿರಾರು ಲೀಟರಿನ ಗುಂಡಿ ಇದರಿಂದ ಬಿಸಿಯಾಗಿಬಿಡುತ್ತೆ ಅಂತ ನಾನು ಹೇಳಲ್ಲ, ಆದರೆ ದಿನಾ ತಣ್ಣೀರು ಹೊಯ್ದು ನಾವೇ ಅದನ್ನು ತಣಿಸುವುದು ತಪ್ಪುತ್ತದೆ. ಸಗಣಿಯ ಗಂಟೂ ಬೇಗ ಒಡೆಯುತ್ತದೆ.

ಫಿನಾಯಿಲ್ ಹಾಕಿ ತೊಳೆದ ಕೊಟ್ಟಿಗೆಯ ನೀರು ಮಾತ್ರ ತೊಟ್ಟಿಗೆ ಬರಬಾರದು. ಕಾಯಿಲೆಗೆ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟ ದನದ ಸಗಣಿಯನ್ನೂ ಕೆಲವು ದಿನ ಬೇರೆ ಹಾಕಿ. ಮತ್ತೊಂದು, ಕಟ್ಟಿಕೊಂಡಿದೆ ಅಂತ ಯಾರೂ ಗುಂಡಿಯೊಳಗೆ ಇಳಿಯಬೇಡಿ, ಆ ಗಾಳಿ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ಗಳ ಹಾಕಿ ಆಡಿಸಿ, ಆಗದಿದ್ದರೆ ತಿಳಿದವರನ್ನು ಕರೆಸಿ.

ನಾಳೆ ಬೆಳಿಗ್ಗೆ ಪೈಪಿನ ಬಿರಡೆ ತೆಗೆಯುವ ಮೊದಲು ತೊಟ್ಟಿಗೆ ಒಮ್ಮೆ ಕೈ ಹಾಕಿ. ಬೆರಳ ಸಂದಿಯಿಂದ ಗಂಜಿಯ ಹಾಗೆ ಇಳಿದರೆ ಬಿಡಿ. ಗಂಟೋ, ಕಡ್ಡಿಯೋ ಬೆರಳಿಗೆ ಸಿಕ್ಕಿದರೆ ಇನ್ನೊಂದು ಹತ್ತು ನಿಮಿಷ ಕಿವುಚಿ. ನಮಸ್ಕಾರ.