ದುಬಾರಿ ಪ್ಲಗ್ ಹಾಕೂ ಮೊದ್ಲು ಹಳೇ ಪ್ಲಗ್ಗಿನ ಮುಖ ನೋಡಿ

ನಮಸ್ಕಾರ. ಕಾರವಾರದಿಂದ ಭಟ್ಕಳದ ತನಕ, ಘಟ್ಟದ ಮೇಲೆ ಶಿರಸಿ ಸಿದ್ದಾಪುರದಲ್ಲಿ ರೇಡಿಯೋ ಹಚ್ಚಿಟ್ಟು ಕೆಲಸ ಮಾಡ್ತಾ ಇರೋ ಎಲ್ಲರಿಗೂ.

ಗ್ಯಾರೇಜಿಗೆ ಬಂದವರು ಕೇಳೂದು ಒಂದೇ ಪ್ರಶ್ನೆ, ತುದಿಗೆ ಇರಿಡಿಯಂ ಅನ್ನೂ ದುಬಾರಿ ಲೋಹ ಇರೋ ಸ್ಪಾರ್ಕ್ ಪ್ಲಗ್ ಹಾಕಿದ್ರೆ ಮೈಲೇಜ್ ಜಾಸ್ತಿ ಆಗ್ತದಂತೆ ಹೌದಾ ಅಂತ. ಆಗೂದಿಲ್ಲ. ಪ್ಲಗ್ ಕೆಲಸ ಕಿಡಿ ಕೊಡೂದು, ಪೆಟ್ರೋಲಿಗೆ ಬೆಂಕಿ ಹತ್ತಿತು ಅಂದ್ರೆ ಅದರ ಕೆಲಸ ಮುಗೀತು. ದುಬಾರಿ ಕಿಡಿಯಿಂದ ಹತ್ತಿದ ಬೆಂಕಿಗೆ ಬೇರೆ ಶಕ್ತಿ ಬರೂದಿಲ್ಲ. ಹಾಗಾಗಿ ದುಡ್ಡು ಬಿಚ್ಚೂ ಮೊದ್ಲು ಪ್ಲಗ್ ಬಿಚ್ಚಿ, ಅದರ ಮುಖ ನೋಡಿ, ಅಂದ್ರೆ ಎಂಜಿನ್ ಒಳಗೆ ಇರೋ, ಕಿಡಿ ಹಾರೂ ತುದಿ.

ಒಂದು ಮಳೆಗಾಲ ಕುಮಟಾ ಕಡೆಯ ಹುಡುಗ ಒಬ್ಬ ಬಂದಿದ್ದ, ದಿನಾ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗವ. ಮಳೆ ಜೋರಾದ ಕೂಡ್ಲೆ ಬೈಕ್ ಎಂಜಿನ್ ಮಿಸ್ಸಿಂಗ್, ಅಂದ್ರೆ ತಡವರಿಸೂದು, ಘಟ್ಟದ ಅರ್ಧದಲ್ಲಿ ಬಂದಾಗಿ ನಿಲ್ಲೂದು, ಬಿಸಿಲು ಬಂದ್ರೆ ಏನೂ ಆಗದ ಹಾಗೆ ಓಡೂದು. ಎರಡು ಸಾದಾ ಪ್ಲಗ್ ಬದಲಿಸಿ ಆಗಿತ್ತು, ಮೂರನೇದು ಇರಿಡಿಯಂ, ಆದ್ರೂ ಅದೇ ಕಥೆ. ನಾನು ಪ್ಲಗ್ ಬಿಚ್ಚಿ ನೋಡ್ದೆ, ಮುಖ ಚೊಕ್ಕ ಕಾಫಿ ಬಣ್ಣ, ಅಂದ್ರೆ ಎಂಜಿನ್ ಒಳಗೆ ಏನೂ ತೊಂದ್ರೆ ಇಲ್ಲ. ತಮಾ, ಬೈಕ್ ಒಳಗೆ ತಳ್ಳು ಅಂದೆ, ಶಟರ್ ಎಳೆದು ಕತ್ತಲೆ ಮಾಡಿ, ಸ್ಟಾರ್ಟ್ ಮಾಡಿ, ಪ್ಲಗ್ ಕ್ಯಾಪ್, ಅಂದ್ರೆ ಕರೆಂಟಿನ ವಯರನ್ನ ಪ್ಲಗ್ಗಿಗೆ ಕೂಡಿಸೂ ಟೊಪ್ಪಿ, ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದೆ. ಚಟ್ ಚಟ್ ಅಂತ ನೀಲಿ ಕಿಡಿ ಕ್ಯಾಪಿನ ಬಿರುಕಿಂದ ಎಂಜಿನ್ ಹೆಡ್ಡಿಗೇ ಹಾರ್ತಾ ಇತ್ತು! ಕರೆಂಟ್ ಪ್ಲಗ್ಗಿಗೆ ಮುಟ್ಟದೇ ದಾರಿಯಲ್ಲೇ ಸೋರಿ ಹೋದ್ರೆ ಯಾವ ಪ್ಲಗ್ ಹಾಕಿ ಏನು ಮಾಡ್ತೀರಿ? ಹೊಸ ರಬ್ಬರ್ ಕ್ಯಾಪ್ ಹಾಕ್ದೆ, ವಯರಿನ ತುದಿ ಸ್ವಲ್ಪ ಕತ್ತರಿಸಿ ಹೊಸ ತಾಮ್ರಕ್ಕೆ ಕೂಡಿಸ್ದೆ, ಆ ಮಳೆಗಾಲ ಪೂರ್ತಿ ಅವ ಘಟ್ಟದಲ್ಲಿ ನಿಲ್ಲಲಿಲ್ಲ. ಯಾರೂ ಮುಖ ನೋಡದೇ ಪ್ಲಗ್ ಬದಲಿಸಿದ್ರಲ್ಲ, ಅದಕ್ಕೇ ನನಗೆ ಬೇಜಾರು.

ಹಾಗಂತ ಇರಿಡಿಯಂ ಕೆಟ್ಟದ್ದಲ್ಲ. ಸಾದಾ ಪ್ಲಗ್ಗಿನ ತುದಿಯಲ್ಲಿರೋ ನಿಕಲ್ 1455 ಡಿಗ್ರಿಗೆ ಕರಗ್ತದೆ, ಇರಿಡಿಯಂ 2400 ದಾಟ್ಬೇಕು, ಅದಕ್ಕೇ ತುದಿಯನ್ನ ಅರ್ಧ ಮಿಲಿಮೀಟರಿನಷ್ಟು ಸಪೂರ ಮಾಡ್ತಾರೆ, ಕಡಿಮೆ ವೋಲ್ಟೇಜಿಗೆ ಕಿಡಿ ಬರ್ತದೆ, ಬೇಗ ಸವೆಯೂದಿಲ್ಲ. ನೀವು ಕೊಡೂ ಹೆಚ್ಚಿನ ದುಡ್ಡು ಬಾಳಿಕೆಗೆ, ಮೈಲೇಜಿಗಲ್ಲ. ಪ್ಲಗ್ ಬಿಚ್ಚೂದೇ ಕಷ್ಟ ಇರೋ ಕಾರಿಗೆ ಅದು ಸರಿ, ಕಂಪನಿಯೇ ಇರಿಡಿಯಂ ಕೊಟ್ಟಿದ್ರೆ ಅದನ್ನೇ ಹಾಕಿ. ಐದು ನಿಮಿಷದಲ್ಲಿ ಬದಲಿಸೂ ಸ್ಕೂಟರಿಗೆ, ತೋಟದಲ್ಲಿ ಹುಲ್ಲು ಕತ್ತರಿಸೂ ಮಷಿನ್ನಿಗೆ ಅದರ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ನಂಬರಿನ ಸಾದಾ ಪ್ಲಗ್ ಸಾಕು.

ಟೈಮ್ ಆಯ್ತು ಅಂತ ಗಾಜಿನ ಆಚೆಯಿಂದ ಕೈ ತೋರಿಸ್ತಿದ್ದಾರೆ, ಬೇಗ ಹೇಳ್ತೆ. ಮುಖ ಒಣ ಮಸಿ ಹಿಡಿದಿದ್ರೆ ಮೊದ್ಲು ಏರ್ ಫಿಲ್ಟರ್ ನೋಡಿ, ನಮ್ಮ ಕೆಂಪು ಧೂಳಿಗೆ ಬೇಗ ಕಟ್ಕೊಳ್ತದೆ. ಎಣ್ಣೆ ಜಿಡ್ಡಿದ್ರೆ ಪಿಸ್ಟನ್ ರಿಂಗ್ ನೋಡಿಸಿ. ಬೆಳ್ಳಗೆ ಸುಟ್ಟಿದ್ರೆ ಎಂಜಿನ್ ವಿಪರೀತ ಬಿಸಿ ಆಗ್ತಾ ಉಂಟು, ಓಡಿಸಬೇಡಿ. ಸೀಮೆಎಣ್ಣೆಯಲ್ಲಿ ಓಡೂ ದೋಣಿ ಮಷಿನ್ನಿನವರು ಒಂದು ಹೊಸ ಪ್ಲಗ್, ಪಾನಾ ಎರಡೂ ಕಟ್ಕೊಂಡೇ ಸಮುದ್ರಕ್ಕೆ ಇಳೀರಿ. ಮತ್ತೆ, ಎಂಜಿನ್ ತಣಿದ ಮೇಲೆಯೇ ಬಿಚ್ಚಿ, ಹಾಕೂವಾಗ ಮೊದ್ಲು ಕೈಯಲ್ಲೇ ತಿರುಗಿಸಿ. ಅಡ್ಡ ಹೊಕ್ಕು ಹೆಡ್ಡಿನ ಥ್ರೆಡ್ ಹೋಯ್ತು ಅಂದ್ರೆ ಅದರ ಖರ್ಚಲ್ಲಿ ಹತ್ತು ಇರಿಡಿಯಂ ಬರ್ತದೆ. ನಮಸ್ಕಾರ.