ರೂಟ್ ಆಗಿ ಕೂತಿರಬೇಡಿ

ಕೇಳುಗರಿಗೆ ನಮಸ್ಕಾರ. ಸೊಸೈಟಿಯಲ್ಲಿ, ಶಾಲೆಯಲ್ಲಿ, ಅಡಿಕೆ ಮಂಡಿಯಲ್ಲಿ ಲಿನಕ್ಸ್ ಕಂಪ್ಯೂಟರ್ ಮುಂದೆ ಕೂರುವವರಿಗೆ ಇವತ್ತು ಒಂದೇ ಮಾತು ಹೇಳ್ತೀನಿ. ದಿನದ ಕೆಲಸ ನಿಮ್ಮ ಸ್ವಂತ ಖಾತೆಯಲ್ಲೇ ಮಾಡಿ. ರೂಟ್ ಆಗಲೇಬೇಕಾದರೆ ಆಗಿ, ಕೆಲಸ ಮುಗಿದ ಕೂಡಲೇ ವಾಪಸ್ ಬನ್ನಿ.

ರೂಟ್ ಅಂದರೆ ಆ ಯಂತ್ರದ ಯಜಮಾನ. ಗುರುತಿನ ಸಂಖ್ಯೆ 0. ಯಾವ ಫೈಲನ್ನಾದರೂ ಅಳಿಸಬಹುದು, ಕೇಳೋರಿಲ್ಲ. ಖಾತೆ ಬದಲಿಸೋಕೆ ಲಾಗೌಟ್ ಆಗೋದು ಬೇಡ. ಟರ್ಮಿನಲ್ಲಿನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಎಸ್, ಯು ಅಂತ ಎರಡಕ್ಷರ ಒತ್ತಿ, ಜಾಗ ಬಿಟ್ಟು ಒಂದು ಅಡ್ಡಗೆರೆ, ಅಂದರೆ ಹೈಫನ್, ಮತ್ತೆ ಜಾಗ ಬಿಟ್ಟು ಖಾತೆಯ ಹೆಸರು. ಹೆಸರು ಕೊಡದಿದ್ದರೆ ನೇರ ರೂಟ್. ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ ವ್ಯವಸ್ಥೆಯ 1971ರ ಕೈಪಿಡಿಯಲ್ಲೇ ಇರುವ ಆಜ್ಞೆ ಇದು, ಹೊಸದೇನಲ್ಲ. ಬದಲಾಗೋದು ಸುಲಭ. ವಾಪಸ್ ಬರೋದನ್ನೇ ಜನ ಮರೀತಾರೆ.

ತೀರ್ಥಹಳ್ಳಿ ಕಡೆಯ ಒಂದು ಸೊಸೈಟಿಯ ವಿಷಯ ಹೇಳಲೇಬೇಕು. ಅಡಿಕೆ ಸುಗ್ಗಿಯ ಸಮಯ. ಪ್ರಿಂಟರ್ ಕೂರಿಸೋಕೆ ಬಂದ ಹುಡುಗ ರೂಟ್ ಆದ, ಪ್ರಿಂಟರ್ ಸರಿಮಾಡಿದ. ಒಳ್ಳೆಯದೇ. ಆದರೆ ವಾಪಸ್ ಬರಲಿಲ್ಲ. ಅದೇ ಟರ್ಮಿನಲ್ಲಿನಿಂದಲೇ ಪೆನ್‌ಡ್ರೈವಿನಲ್ಲಿದ್ದ ಹೊಸ ಲೆಕ್ಕದ ಫೈಲುಗಳನ್ನು ಗುಮಾಸ್ತೆಯವರ ಫೋಲ್ಡರಿಗೆ ನಕಲು ಮಾಡಿ ಹೊರಟುಹೋದ. ಮಾರನೇ ಬೆಳಗ್ಗೆ ಆ ಹೆಣ್ಣುಮಗಳು ಫೈಲ್ ತೆಗೆದರೆ ತೆರೆಯುತ್ತೆ, ಸೇವ್ ಮಾಡಿದರೆ ಆಗೋದಿಲ್ಲ. ಹೊರಗೆ ರಾಶಿ, ಬೆಟ್ಟೆ, ಗೊರಬಲು ಚೀಲ ಇಳಿಸಿಕೊಂಡ ರೈತರು ತೂಕದ ಚೀಟಿಗೆ ಕಾಯ್ತಿದ್ದಾರೆ. "ಸಾರ್, ವೈರಸ್ ಬಂದಿದೆ" ಅಂತ ನನಗೆ ಫೋನು. ಫಾರ್ಮ್ಯಾಟ್ ಮಾಡಿಸೋಣ ಅನ್ನೋವರೆಗೂ ಮಾತು ಹೋಗಿತ್ತು! ನಾನು ಹೋಗಿ ಎಲ್ ಎಸ್, ಜಾಗ, ಅಡ್ಡಗೆರೆ ಎಲ್ ಅಂತ ಒತ್ತಿ ನೋಡಿದೆ. ಆ ಅಷ್ಟೂ ಫೈಲಿನ ಮುಂದೆ ಮಾಲೀಕನ ಹೆಸರು ರೂಟ್. "ವೈರಸ್ ಅಲ್ಲಮ್ಮ, ಫೈಲು ನಿಮ್ಮ ಹೆಸರಲ್ಲಿಲ್ಲ" ಅಂದೆ. ರೂಟ್ ಆಗಿ ಸೃಷ್ಟಿಸಿದ್ದು ರೂಟಿನ ಆಸ್ತಿ, ಅದು ನಿಯಮ. ಸಿ ಎಚ್ ಓ ಡಬ್ಲ್ಯು ಎನ್ ಆಜ್ಞೆಯಿಂದ ಮಾಲೀಕತ್ವ ಅವರಿಗೆ ವರ್ಗಾಯಿಸಿದೆ. ನಿಮಿಷದ ಕೆಲಸ. ಅದಕ್ಕೆ ಅಷ್ಟು ಜನ ಬಿಸಿಲಲ್ಲಿ ನಿಲ್ಲಬೇಕಿತ್ತಾ?

ಸಮಯ ಕಮ್ಮಿ ಇದೆ, ಉಳಿದದ್ದು ಬೇಗ ಹೇಳ್ತೀನಿ. ಎಸ್ ಯು ಕೇಳೋದು ನೀವು ಹೋಗಬೇಕಾದ ಖಾತೆಯ ಪಾಸ್‌ವರ್ಡು. ಎಸ್ ಯು ಡಿ ಓ, ಅಂದರೆ ಸುಡೂ, ಅಂತ ಇನ್ನೊಂದು ಆಜ್ಞೆ ಇದೆ, ಅದು ಕೇಳೋದು ನಿಮ್ಮದೇ ಪಾಸ್‌ವರ್ಡು. ಅದು ಒಂದು ಆಜ್ಞೆಯನ್ನು ಮಾತ್ರ ರೂಟ್ ಆಗಿ ನಡೆಸುತ್ತೆ, ಯಾರು ನಡೆಸಿದರು ಅಂತ ದಾಖಲೆಯನ್ನೂ ಇಡುತ್ತೆ. ಸೊಸೈಟಿಗಳಿಗೆ ಇದೇ ಸರಿ. ಉಬುಂಟು ಅನ್ನೋ ಬಗೆಯ ಲಿನಕ್ಸಿನಲ್ಲಂತೂ ರೂಟಿನ ಪಾಸ್‌ವರ್ಡಿಗೆ ಮೊದಲಿನಿಂದಲೇ ಬೀಗ, ಹಾಗಾಗಿ ಸುಡೂ ಕಲಿಯಲೇಬೇಕು. ಪಾಸ್‌ವರ್ಡ್ ಒತ್ತುವಾಗ ಪರದೆ ಮೇಲೆ ಚುಕ್ಕೆಯೂ ಕಾಣದಿದ್ದರೆ ಕೀಬೋರ್ಡ್ ಕೆಟ್ಟಿಲ್ಲ, ದಯವಿಟ್ಟು ಫೋನ್ ಮಾಡಬೇಡಿ, ಒತ್ತಿ ಎಂಟರ್ ಕೊಡಿ.

ಈಗ ಯಾವ ಖಾತೆಯಲ್ಲಿದ್ದೀನಿ ಅಂತ ಅನುಮಾನ ಬಂದರೆ ಹೂ ಆಮ್ ಐ ಅಂತ ಜಾಗ ಬಿಡದೆ ಒತ್ತಿ. ಉತ್ತರ ರೂಟ್ ಅಂತ ಬಂದರೆ ಎಕ್ಸಿಟ್ ಕೊಟ್ಟು ಇನ್ನೊಮ್ಮೆ ಕೇಳಿ. ನಿಮ್ಮ ಹೆಸರು ಬಂದ ಮೇಲೆ ಫೈಲು ಮುಟ್ಟಿ. ನಮಸ್ಕಾರ.