ಮೂರನೆಯ ಆಟಗಾರ್ತಿ

ಕೇಳುಗರಿಗೆ ನಮಸ್ಕಾರ.

ಒಲಿಂಪಿಕ್ಸ್ ಟೇಬಲ್ ಟೆನಿಸ್ ಎಂದೊಡನೆ ನಮಗೆ ನೆನಪಾಗುವುದು ಚೀನಾ. 1988ರಲ್ಲಿ ಸೋಲ್‌ನಲ್ಲಿ ಈ ಆಟ ಒಲಿಂಪಿಕ್ಸ್‌ಗೆ ಸೇರಿದ ದಿನದಿಂದ 2024ರ ಪ್ಯಾರಿಸ್ ಕೂಟದವರೆಗೆ ಪಣಕ್ಕಿದ್ದ 42 ಚಿನ್ನದ ಪದಕಗಳಲ್ಲಿ 37 ಆ ದೇಶದ ಪಾಲಾಗಿವೆ. ಪ್ಯಾರಿಸ್‌ನಲ್ಲಂತೂ ಐದಕ್ಕೆ ಐದೂ ಅವರವೇ. ಆದರೆ ಈ ಹೊತ್ತು ನಾನು ಹೇಳಬಯಸುವುದು ಪದಕ ಗೆದ್ದವರ ವಿಚಾರವನ್ನಲ್ಲ. ಅದೇ ಪ್ಯಾರಿಸ್‌ನಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸ್ ತಂಡ ಸ್ಪರ್ಧೆಗೆ ಅರ್ಹತೆ ಪಡೆದು, ಕ್ವಾರ್ಟರ್‌ಫೈನಲ್‌ವರೆಗೂ ನಡೆದ ಭಾರತದ ಮಹಿಳಾ ತಂಡದ ವಿಚಾರವನ್ನು, ಅದರಲ್ಲಿಯೂ ಆ ತಂಡದ ಮೂರನೆಯ ಆಟಗಾರ್ತಿಯಾಗಿದ್ದ ಬೆಂಗಳೂರಿನ ಅರ್ಚನಾ ಕಾಮತ್ ಅವರ ವಿಚಾರವನ್ನು.

ತಂಡ ಸ್ಪರ್ಧೆಯ ಕ್ರಮ ತಿಳಿದರೆ ಈ ಮೂರನೆಯ ಸ್ಥಾನದ ತೂಕ ಅರ್ಥವಾಗುತ್ತದೆ. ತಂಡಕ್ಕೆ ಮೂವರು, ಮೊದಲು ಒಂದು ಡಬಲ್ಸ್, ಆ ಬಳಿಕ ನಾಲ್ಕು ಸಿಂಗಲ್ಸ್, ಮೂರು ಪಂದ್ಯಗಳನ್ನು ಮೊದಲು ಗೆದ್ದವರು ಮುಂದಕ್ಕೆ. ಐದೂ ಪಂದ್ಯಗಳು ನಡೆದರೆ ಪ್ರತಿಯೊಬ್ಬರೂ ಎರಡೆರಡು ಬಾರಿ ಮೇಜಿನ ಮುಂದೆ ನಿಲ್ಲಲೇಬೇಕಾಗುವುದರಿಂದ, ಒಬ್ಬ ಶ್ರೇಷ್ಠ ಆಟಗಾರ್ತಿಯನ್ನು ಮುಂದಿಟ್ಟುಕೊಂಡು ಉಳಿದವರನ್ನು ಮರೆಯಲ್ಲಿಡುವ ಅವಕಾಶ ಇಲ್ಲಿಲ್ಲ. ಡಬಲ್ಸ್‌ನಲ್ಲಿ ಜೊತೆಗಾರರು ಸರದಿಯಂತೆ ಒಬ್ಬರಾದ ಮೇಲೊಬ್ಬರು ಚೆಂಡನ್ನು ಹೊಡೆಯಬೇಕೆಂಬ ನಿಯಮವಿದೆ. ಹೊಡೆದವರು ಕಣ್ಣು ಮಿಟುಕಿಸುವಷ್ಟರಲ್ಲಿ ಪಕ್ಕಕ್ಕೆ ಸರಿದು ಜೊತೆಗಾರರಿಗೆ ಜಾಗ ಬಿಡಬೇಕು. ಒಂದೂವರೆ ಮೀಟರಿಗಿಂತ ತುಸುವೇ ಹೆಚ್ಚು ಅಗಲದ ಮೇಜಿನ ಹಿಂದೆ ಈ ಸರಿದಾಟ ಬರಿಯ ವೈಯಕ್ತಿಕ ಪ್ರತಿಭೆಯಿಂದ ಬರುವುದಿಲ್ಲ.

ಅರ್ಚನಾ ಅವರ ಆಯ್ಕೆ ಚರ್ಚೆಗೆ ಒಳಗಾಗಿತ್ತು. ಆ ವರ್ಷದ ಫೆಬ್ರುವರಿಯಲ್ಲಿ ಬುಸಾನ್‌ನಲ್ಲಿ ನಡೆದ ವಿಶ್ವ ತಂಡ ಚಾಂಪಿಯನ್‌ಷಿಪ್‌ನಲ್ಲಿ ಆಗಿನ ವಿಶ್ವದ ಅಗ್ರ ಆಟಗಾರ್ತಿ, ಚೀನಾದ ಸುನ್ ಯಿಂಗ್‌ಶಾ ಅವರನ್ನೇ ಸೋಲಿಸಿದ್ದ ಐಹಿಕಾ ಮುಖರ್ಜಿ ಅವರನ್ನು ಕಾಯ್ದಿರಿಸಿದ ಆಟಗಾರ್ತಿಯಾಗಿ ಇರಿಸಿದ್ದು ಸರಿಯೇ ಎಂದು ಹಲವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರ ಭಾರವನ್ನು ಹೊತ್ತುಕೊಂಡು ಅಂಗಳಕ್ಕೆ ಇಳಿಯಬೇಕಾದವರು ಇಪ್ಪತ್ತನಾಲ್ಕು ವರ್ಷದ ಒಬ್ಬ ಆಟಗಾರ್ತಿ ಎಂಬುದನ್ನು ನಾವು ಮರೆಯಬಾರದಿತ್ತು.

ಆಗಸ್ಟ್ 5ರಂದು ಪ್ರೀಕ್ವಾರ್ಟರ್‌ಫೈನಲ್‌ನಲ್ಲಿ ನಾಲ್ಕನೇ ಶ್ರೇಯಾಂಕದ ರೊಮೇನಿಯಾ ಎದುರಾಯಿತು. ಶ್ರೀಜಾ ಅಕುಲಾ ಮತ್ತು ಅರ್ಚನಾ ಜೋಡಿ ಡಬಲ್ಸ್‌ನ ಮೂರೂ ಗೇಮ್‌ಗಳನ್ನು ಗೆದ್ದಿತು. ಮಣಿಕಾ ಬಾತ್ರಾ ಅವರು ರೊಮೇನಿಯಾದ ಅಗ್ರ ಆಟಗಾರ್ತಿ ಬರ್ನಾಡೆಟ್ ಸೋಕ್ಸ್ ಅವರನ್ನು ನೇರ ಗೇಮ್‌ಗಳಲ್ಲಿ ಮಣಿಸಿದರು. 2–0 ಮುನ್ನಡೆ ಸಿಕ್ಕಾಗ ಗೆಲುವು ಕೈಗೆಟುಕಿದಂತೆಯೇ ಕಂಡಿತು. ಅಲ್ಲಿಂದ ಮುಂದೆ ಶ್ರೀಜಾ ಅವರು ಎಲಿಜಬೆಟಾ ಸಮಾರಾ ಅವರಿಗೆ ಐದು ಗೇಮ್‌ಗಳ ಹೋರಾಟದಲ್ಲಿ ಸೋತರು, ಅರ್ಚನಾ ಅವರು ಸೋಕ್ಸ್ ಅವರಿಗೆ ಸೋತರು, ಲೆಕ್ಕ 2–2ಕ್ಕೆ ಬಂದು ನಿಂತಿತು. ಕೊನೆಯ ಪಂದ್ಯದಲ್ಲಿ ಮಣಿಕಾ ಅವರು ಅದಿನಾ ದಿಯಾಕೊನು ಅವರನ್ನು ಮತ್ತೆ ನೇರ ಗೇಮ್‌ಗಳಲ್ಲಿ ಸೋಲಿಸಿದರು. ಮರುದಿನ ಹೊಗಳಿಕೆಯೆಲ್ಲ ಮಣಿಕಾ ಅವರಿಗೆ ಸಂದಿತು, ಸಲ್ಲಬೇಕಾದದ್ದೇ; ಆದರೂ ಡಬಲ್ಸ್‌ನಲ್ಲಿ ಗಳಿಸಿದ ಆ ಮೊದಲ ಗೆಲುವು ಇಲ್ಲದಿದ್ದರೆ ಐದನೆಯ ಪಂದ್ಯವೇ ನಡೆಯುತ್ತಿರಲಿಲ್ಲ.

ಎರಡು ದಿನಗಳ ನಂತರ ಜರ್ಮನಿ. ಅವರ ನೀನಾ ಮಿಟ್ಟೆಲ್‌ಹಾಮ್ ಗಾಯಗೊಂಡಿದ್ದರಿಂದ, ಕಾಯ್ದಿರಿಸಿದ ಆಟಗಾರ್ತಿಯಾಗಿ ಬಂದಿದ್ದ ಹದಿನೆಂಟರ ಹುಡುಗಿ ಆನೆಟ್ ಕೌಫ್‌ಮನ್ ತಂಡದೊಳಗೆ ಬಂದಿದ್ದರು. ಆ ಹುಡುಗಿ ಮಣಿಕಾ ಅವರನ್ನೂ ಶ್ರೀಜಾ ಅವರನ್ನೂ ಸೋಲಿಸಿದರು. ಡಬಲ್ಸ್ ಕೂಡ ಜರ್ಮನಿಯದಾಯಿತು. ಭಾರತ 1–3ರಿಂದ ಸೋತಿತು.

ಆ ಒಂದೇ ಗೆಲುವು ಅರ್ಚನಾ ಅವರದು. ಎದುರಿಗಿದ್ದವರು ಶಾನ್ ಶಿಯಾವೊನಾ, 2016ರ ರಿಯೊದಲ್ಲಿ ಬೆಳ್ಳಿ ಗೆದ್ದ ಜರ್ಮನ್ ತಂಡದಲ್ಲಿದ್ದ, ನಲವತ್ತು ದಾಟಿದ ಅನುಭವಿ. ತಂಡ ಆಗಲೇ 0–2ರಿಂದ ಹಿಂದಿತ್ತು, ಇದೊಂದು ಸೋತರೆ ಎಲ್ಲವೂ ಮುಗಿದಂತೆ. ಹನ್ನೊಂದಕ್ಕೆ ಮುಗಿಯಬೇಕಾದ ಮೊದಲ ಗೇಮ್ 19–17ರವರೆಗೆ ಎಳೆಯಿತು. ಅದನ್ನು ಅರ್ಚನಾ ಗೆದ್ದರು. ಎರಡನೆಯದರಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಅಂಕ. ಅಷ್ಟು ಕಷ್ಟಪಟ್ಟು ಗಳಿಸಿದ್ದು ಕೆಲವೇ ನಿಮಿಷಗಳಲ್ಲಿ ಕರಗಿಹೋದರೆ ಎಂಥವರೂ ಕುಗ್ಗುತ್ತಾರೆ. ಅವರು ಕುಗ್ಗಲಿಲ್ಲ, ಮುಂದಿನ ಎರಡನ್ನು 11–5, 11–9ರಿಂದ ಗೆದ್ದರು. ನನ್ನ ಮಟ್ಟಿಗೆ ಪ್ಯಾರಿಸ್‌ನ ಭಾರತೀಯ ಟೇಬಲ್ ಟೆನಿಸ್‌ನಲ್ಲಿ ಇದಕ್ಕಿಂತ ಧೈರ್ಯದ ಆಟ ಇನ್ನೊಂದಿಲ್ಲ.

ಅದೇ ತಿಂಗಳು, ಉನ್ನತ ವ್ಯಾಸಂಗಕ್ಕಾಗಿ ವೃತ್ತಿಪರ ಆಟವನ್ನು ಬಿಡುತ್ತಿರುವುದಾಗಿ ಅರ್ಚನಾ ತಿಳಿಸಿದರು. ಶಾನ್ ಅವರ ಎದುರು ಗೆದ್ದ ಆ ಪಂದ್ಯವೇ ಒಲಿಂಪಿಕ್ಸ್‌ನಲ್ಲಿ ಅವರು ಆಡಿದ ಕೊನೆಯ ಪಂದ್ಯ.

ನಮಸ್ಕಾರ.